ಒದ್ದೆ ಗೋಣಿ

ಮಳೆಗಾಲ ಹಿಂದೆ ಸರಿದು ಹಿನ್ನೀರಿನ ಕೆಸರು ಕಾಲಿಟ್ಟರೆ ಹೂತುಹೋಗದಷ್ಟು ಗಟ್ಟಿಯಾಗಿತ್ತು. ಬೆಳಗ್ಗೆ ಉಬ್ಬರ ಇಳಿದಾಗ ಬಿಲಬಿಲಕ್ಕೂ ಕೊಕ್ಕೆ ಹಾಕಿ ಎಳೆದ ನಲವತ್ತು ಏಡಿಗಳನ್ನು ಕಚ್ಚದ ಹಾಗೆ ಕೊಂಬು ಕಟ್ಟಿ, ಒದ್ದೆ ಗೋಣಿಯಲ್ಲಿ ಸಾಹುಕಾರರ ಮಂಡಿಗೆ ಕೊಟ್ಟು ಹೋಗಿದ್ದಳು ಕೊಕ್ಕೆಯಕ್ಕ. ಮಧ್ಯಾಹ್ನ ದುಡ್ಡು ಒಯ್ಯಲು ಬಂದರೆ ಸಾಹುಕಾರರ ಅಳಿಯ ಬಾಗಿಲಿಗೇ ಅಡ್ಡ ನಿಂತಿದ್ದ.

“ಸತ್ತ ಮಾಲು ತಂದು ನಮ್ಮ ತಲೆಗೆ ಕಟ್ಟಿದ್ದೀಯಲ್ಲ!”

ಅವಳು ಅವನನ್ನು ಸರಿಸಿಕೊಂಡು ಒಳಗೆ ನಡೆದಳು. ಮೂಲೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಟಬ್ಬು, ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ಎತ್ತಿ ನೋಡಿದಳು. ತುಂಬ ನೀರು, ತಳದಲ್ಲಿ ಒಂದರ ಮೇಲೊಂದು ಕಾಲು ಸಡಿಲಿಸಿ ಬಿದ್ದ ಏಡಿಗಳು.

“ಗೋಣಿ ಬಿಚ್ಚಬೇಡ, ನೆರಳಲ್ಲಿಟ್ಟು ನೀರು ಚಿಮುಕಿಸು ಅಂತ ಬಾಯಿ ನೋಯೋವರೆಗೆ ಹೇಳಿರಲಿಲ್ವಾ?”

“ನೀರಲ್ಲಿ ಹುಟ್ಟಿದ್ದು ನೀರಲ್ಲಿ ಸಾಯುತ್ತಾ ಅಜ್ಜಿ? ಯಾರ ಕಿವಿಗೆ ಹೂವು ಇಡ್ತೀಯ?”

“ಕಿವಿರು ಒದ್ದೆಯಾಗಿದ್ರೆ ಅದು ಗಾಳಿಯಲ್ಲೇ ದಿನಗಟ್ಟಲೆ ಉಸಿರಾಡುತ್ತೆ ಕಣೋ! ನಿಂತ ನೀರಲ್ಲಿ ಉಸಿರು ಎಷ್ಟಿರುತ್ತೆ? ಇಷ್ಟು ಜೀವ ತುಂಬಿ, ಮೇಲೆ ಬರದ ಹಾಗೆ ಕಲ್ಲು ಬೇರೆ ಹೇರಿದ್ದೀಯ!”

ಗಲಾಟೆಗೆ ಊಟದ ಕೈಯಲ್ಲೇ ಸಾಹುಕಾರರು ಎದ್ದು ಬಂದರು. “ನೀನು ತಂದಾಗಲೇ ಸತ್ತಿದ್ವು ಅಂತಾನಲ್ಲೇ ಇವನು.”

ಕೊಕ್ಕೆಯಕ್ಕನ ಮೈ ಉರಿದುಹೋಯಿತು. ಮೂವತ್ತು ವರ್ಷದಲ್ಲಿ ಅವಳ ಗೋಣಿಯಿಂದ ಒಂದೇ ಒಂದು ಸತ್ತ ಏಡಿಯೂ ಈ ಮಂಡಿಯಲ್ಲಿ ಬಿದ್ದಿರಲಿಲ್ಲ. ಒಂದೊಂದನ್ನೇ ತೆಗೆದು ಸಾಹುಕಾರರ ಕಾಲ ಬುಡದಲ್ಲಿ ಜೋಡಿಸುತ್ತ ಗಟ್ಟಿಯಾಗಿ ಎಣಿಸಿದಳು. ಮೂವತ್ತೊಂಬತ್ತಕ್ಕೆ ಟಬ್ಬು ಬರಿದಾಯಿತು.

ಹೊರಳಿ, ಬಾಗಿಲ ಹಿಂದೆ ಮುದ್ದೆಯಾಗಿ ಬಿದ್ದಿದ್ದ ಗೋಣಿಯನ್ನು ಎತ್ತಿ ಮೇಜಿನ ಮೇಲೆ ಒಳಹೊರಗು ಮಾಡಿದಳು. ಹೊಲಿಗೆಗೆ ಕಾಲು ಸಿಕ್ಕಿಸಿಕೊಂಡು ಕೂತಿತ್ತು ನಲವತ್ತನೆಯದು. ಕೊಡವಿದ್ದೇ ತಡ, ಬಾಯಲ್ಲಿ ನೊರೆ ಉಕ್ಕಿಸುತ್ತ ಅಡ್ಡಡ್ಡ ನಡೆದು ಅಳಿಯನ ಕಡೆಗೇ ಹೊರಟಿತು. ಅವನು ಎರಡು ಹೆಜ್ಜೆ ಹಿಂದಕ್ಕೆ ಜಿಗಿದ.

ಸಾಹುಕಾರರು ಅಳಿಯನ ಮುಖ ನೋಡಲಿಲ್ಲ. ಎಡಗೈಯಿಂದ ನೋಟು ತೆಗೆದು ಮೇಜಿನ ಮೇಲಿಟ್ಟರು. “ಪೂರ್ತಿ ಇದೆ. ತಗೊಂಡು ಹೋಗು, ಮಾತು ಬೆಳೆಸಬೇಡ.”

“ದುಡ್ಡು ಆಮೇಲೆ. ‘ಕೊಂದದ್ದು ನಾನೇ’ ಅಂತ ಅವನ ಬಾಯಲ್ಲೇ ಬರಲಿ.”

ಅಳಿಯ ಕಿಟಕಿಯ ಕಡೆ ತಿರುಗಿದ.

“ಹೋಗಲಿ ಬಿಡೇ, ಹುಡುಗ...”

“ಮೂವತ್ತು ದಾಟಿದೆ ನಿಮ್ಮ ಹುಡುಗನಿಗೆ!”

ಅವಳು ಕಾದಳು. ಸಾಹುಕಾರರ ಬಲಗೈಯ ಎಂಜಲು ಒಣಗಿತು. ಕೊನೆಗೆ ಏಡಿಯನ್ನು ಗೋಣಿಗೆ ಹಾಕಿ, ಹೊರಗಿನ ನಲ್ಲಿಗೆ ಹಿಡಿದು ನೆನೆಸಿ, ನೋಟು ಮುಟ್ಟದೆ ಹೊರಟುಬಿಟ್ಟಳು.

ಬಿಸಿಲು ಸುಡುತ್ತಿತ್ತು. ಗೋಣಿಯ ನೀರು ಬೆನ್ನಿಗೆ ಇಳಿಯುತ್ತಿತ್ತು. ಹೆಗಲ ಮೇಲೆ, ಕಿವಿಯ ಪಕ್ಕದಲ್ಲೇ, ನೊರೆಯ ಗುಳ್ಳೆಗಳು ಒಂದೊಂದಾಗಿ ಒಡೆಯುವ ಸಣ್ಣ ಸದ್ದು ಹಿನ್ನೀರಿನವರೆಗೂ ನಿಲ್ಲಲಿಲ್ಲ.