ವೆಂಕಟೇಶಪ್ಪನವರ ಐರಾವತ

ಸಂಜಯನಗರದ ವೆಂಕಟೇಶಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹನ್ನೆರಡೂ ಮೆಷಿನ್‌ಗಳು ಒಟ್ಟಿಗೆ ಬಡಿಯುತ್ತಿದ್ದ ಕಾಲದಲ್ಲಿ ಹೆಬ್ಬಾಳ ಕೆರೆಯ ಕೊಕ್ಕರೆಗಳು ಬೆಚ್ಚಿ ಹೆಸರಘಟ್ಟಕ್ಕೆ ಹಾರಿಹೋಗುತ್ತಿದ್ದವು. ನಂಬದವರು ಕೊಕ್ಕರೆಗಳನ್ನೇ ಕೇಳಲಿ. 2012ರ ಹೊತ್ತಿಗೆ ಉಳಿದದ್ದು ಎರಡು ಮೆಷಿನ್, ಒಬ್ಬಳೇ ವಿದ್ಯಾರ್ಥಿನಿ. ನಲವತ್ತನಾಲ್ಕರ ಗಂಗರತ್ನಮ್ಮನಿಗೆ ಗಂಡ ತೀರಿಕೊಂಡ ಮೇಲೆ ಅವನ ಕಚೇರಿಯಲ್ಲೇ ಅನುಕಂಪದ ನೌಕರಿ ಸಿಕ್ಕಿತ್ತು. ಈ ಸಲ ಕನ್ನಡ ಜೂನಿಯರ್ ಟೈಪಿಂಗ್ ಪಾಸಾಗದಿದ್ದರೆ ಅದು ಹೋಗುತ್ತಿತ್ತು.

ಪರೀಕ್ಷೆಗೆ ಮೆಷಿನ್ನನ್ನು ಇನ್‌ಸ್ಟಿಟ್ಯೂಟಿನವರೇ ಒಯ್ಯಬೇಕು. ಆಕೆ ಕಲಿತದ್ದು ಮುದಿ ಮೆಷಿನ್ ಮೇಲೆ. ಅದರ ‘ನ’ ಎರಡೇಟು ಕೊಟ್ಟರೇ ಮೂಡುತ್ತಿದ್ದದ್ದು. ವೆಂಕಟೇಶಪ್ಪ ಅಕ್ಕರೆಯಿಂದ, ಆಕೆಯನ್ನು ಕೇಳದೆಯೇ, ಮೂವತ್ತು ವರ್ಷ ಯಾರಿಗೂ ಮುಟ್ಟಗೊಡದ ತಮ್ಮ ಸ್ವಂತ ಮೆಷಿನ್ನನ್ನು ಆಟೋಗೆ ಏರಿಸಿದರು. ಅದು ತಪ್ಪೇ ಮಾಡದ ಮೆಷಿನ್ ಎಂದು ಅವರು ಹೇಳದೆ ಬಿಟ್ಟ ಕಿವಿ ಯಲಹಂಕದಿಂದ ಯಶವಂತಪುರದವರೆಗೆ ಒಂದೂ ಇರಲಿಲ್ಲ.

“ಸಾರ್, ನನ್ ಮೆಷಿನ್ ಎಲ್ಲಿ?”

“ಇದು ಐರಾವತ ಕಣಮ್ಮ. ಸುಮ್ನೆ ಕೂತ್ಕೊ.”

ಗಂಟೆ ಹೊಡೆಯಿತು. ನಲವತ್ತು ಮೆಷಿನ್‌ಗಳ ಮಳೆಯೊಳಗೂ ಹೊರಗೆ ನಿಂತಿದ್ದ ವೆಂಕಟೇಶಪ್ಪನವರಿಗೆ ಆಕೆಯ ಬೆರಳು ಕೇಳಿಸಿತು. ಟಕ್. ಟಕ್. ಟಕ್‌ಟಕ್. ಕೈ ರೂಢಿ ಬಿಟ್ಟಿರಲಿಲ್ಲ. ಒಂದು ‘ನ’ ಬೀಳಬೇಕಾದಲ್ಲೆಲ್ಲ ಎರಡು ಬೀಳುತ್ತಿತ್ತು. ಆಮೇಲೆ ಆ ಸದ್ದು ನಿಂತೇಹೋಯಿತು.

“ಏನ್ ವೆಂಕಟೇಶಪ್ಪನೋರೆ, ಐರಾವತ ಮಲ್ಕೊಂಡ್ಬಿಡ್ತಾ?” ಎಂದು ಆರ್.ಟಿ. ನಗರದ ಇನ್‌ಸ್ಟಿಟ್ಯೂಟಿನ ಖಾದರ್ ಬಾಷಾ ಕಿಚಾಯಿಸಿದರು. ಉಳಿದ ಮಾಲೀಕರೆಲ್ಲ ನಕ್ಕರು.

ಮೆಷಿನ್ನೇ ಕೆಟ್ಟರೆ ಮಾತ್ರ ಮುಂದಿನ ಬ್ಯಾಚಿನಲ್ಲಿ ಇನ್ನೊಂದು ಅವಕಾಶ. ವೆಂಕಟೇಶಪ್ಪ ಬಾಗಿಲಿಗೆ ಹೋಗಿ, ಎಲ್ಲರಿಗೂ ಕೇಳುವಂತೆ ಮೇಲ್ವಿಚಾರಕರಿಗೆ ಹೇಳಿದರು: “ಸ್ವಾಮಿ, ಆ ಮೆಷಿನ್ ಸರಿ ಇಲ್ಲ. ಒಂದೇಟಿಗೆ ಎರಡಕ್ಷರ ಬೀಳತ್ತೆ. ಮೊದ್ಲಿಂದ್ಲೂ ಹಿಂಗೇನೆ.”

ಅಷ್ಟು ದೊಡ್ಡ ಸುಳ್ಳನ್ನು ನಾನಂತೂ ಜನ್ಮದಲ್ಲಿ ಕೇಳಿಲ್ಲ. ಮೇಲ್ವಿಚಾರಕರು ಹಾಳೆ ನೋಡಿ ಒಪ್ಪಿದರು. ಮುದಿ ಮೆಷಿನ್ ಸಂಜಯನಗರದಿಂದ ಬಂತು. ಗಂಗರತ್ನಮ್ಮ ಅದರ ಮುಂದೆ ಕೂತು, ಕಣ್ಣೊರೆಸಿಕೊಂಡು, ಹಾಳೆ ತುಂಬಿಸಿದಳು.

ಪಾಸಾದ ಸುದ್ದಿ ಬಂದ ದಿನ ಖಾದರ್ ಬಾಷಾ ಕೇಳಿದರು: “ಆ ಇನ್ನೊಂದನ್ನ ರಿಪೇರಿ ಮಾಡಿಸ್ತೀರಾ?”

“ಇಲ್ಲ ಸಾಹೇಬ್ರೆ,” ಎಂದರು ವೆಂಕಟೇಶಪ್ಪ, ಅದರ ಮೇಲೆ ಬಟ್ಟೆ ಹೊದಿಸುತ್ತಾ. “ಅದು ಕೆಟ್ಟೋಗಿದೆ.”