ಕೋಟೆಯಿಂದ ಇಳಿದ ರೊಟ್ಟಿ

"ಉಗುಳಿ ಮಾವ," ಎಂದು ನುನ್ಸಿಯಾತಾ ಮುದುಕನ ಗದ್ದದ ಕೆಳಗೆ ಅಂಗೈ ಒಡ್ಡಿದಳು.

ವೀತೊ ಬಾಯಿ ಬಿಗಿಹಿಡಿದು ಒಲ್ಲೆನೆಂದು ತಲೆಯಾಡಿಸಿದ. ಎಪ್ಪತ್ತು ವರ್ಷದಲ್ಲಿ ಬಿಳಿ ಗೋದಿಯ ರೊಟ್ಟಿ ಅವನ ನಾಲಿಗೆಗೆ ತಾಕಿದ್ದು ಮದುವೆಯ ದಿನ ಒಮ್ಮೆ. ಈ ಬೆಳಗ್ಗೆ ದೊರೆಯ ಪಾರುಪತ್ಯಗಾರ ದೊನ್ ಜೆರ್ವಾಸಿಯೊ ಕತ್ತೆಯ ಮೇಲೆ ಬುಟ್ಟಿ ಹೇರಿಕೊಂಡು ಬಂದು, ಬೆಸ್ತರ ಓಣಿಯ ಮನೆಮನೆಗೂ ಕೈಯಾರೆ ರೊಟ್ಟಿ ಕೊಟ್ಟು, ಮಕ್ಕಳ ತಲೆ ಸವರಿ ಹೋಗಿದ್ದ. ಆ ಸವರಿದ್ದೇ ಅವಳಿಗೆ ಸರಿಬಂದಿರಲಿಲ್ಲ.

"ನಮ್ಮ ಮೀನು ಕೋಟೆಗೆ ಹತ್ತಿದ್ದು ಕಂಡಿದೀನಿ. ಅಲ್ಲಿಂದ ಏನಾದ್ರೂ ಇಳಿದದ್ದು ನೀವು ಕಂಡಿದೀರಾ? ಅದೂ ಇವತ್ತು?"

ಇವತ್ತು ವರ್ಷದ ಮೊದಲ ಬಲೆ. ಆ ಬೆಳಗ್ಗೆ ಕೋಟೆಯ ರೊಟ್ಟಿ ತಿಂದವನು ಕೋಟೆಯ ಆಳು, ಅವನು ಬಲೆ ಎಳೆಯುವ ದಡ ಕೋಟೆಯದು. ಇದು ಹಳೆಯ ಕಟ್ಟಳೆ. ದೊರೆಯ ಅಜ್ಜ ಜಿಪುಣ, ರೊಟ್ಟಿ ಕೊಡುವುದನ್ನು ನಿಲ್ಲಿಸಿದ್ದ, ಮೀನು ತೆಗೆದುಕೊಳ್ಳುವುದನ್ನಲ್ಲ. ಈಗ ಹೊಸ ಕಾನೂನು ಬಂದು ದೊರೆತನ ರದ್ದಾಗಿತ್ತು. ಹಳೆಯ ಕಟ್ಟಳೆಗಳನ್ನು ವಿಚಾರಿಸಿ ದಡ ಯಾರದೆಂದು ತೀರ್ಮಾನಿಸಲು ನೇಪಲ್ಸಿನ ಅಧಿಕಾರಿ ಮಧ್ಯಾಹ್ನ ಬರುವವನಿದ್ದ. ರೊಟ್ಟಿ ತಿಂದಿರಾ ಎಂದು ಶಿಲುಬೆ ಮುಟ್ಟಿಸಿ ಕೇಳಿದರೆ ಓಣಿಯಲ್ಲಿ ಸುಳ್ಳಾಡುವವರು ಯಾರೂ ಇರಲಿಲ್ಲ.

"ನಿನ್ನ ಕಣ್ಣಿಗೆ ಪಾದ್ರಿಯೂ ಕಳ್ಳನೇ," ಎನ್ನಬೇಕೆಂದಿದ್ದ ವೀತೊ. ಬಾಯಿ ತುಂಬಿತ್ತು. ಸ್ವಲ್ಪ ಹೊತ್ತು ಸಮುದ್ರವನ್ನು ನೋಡಿದ. ಆಮೇಲೆ ಉಗುಳಿದ.

ಅವಳು ಆ ತುತ್ತನ್ನು ತಲೆವಸ್ತ್ರದ ತುದಿಗೆ ಕಟ್ಟಿಕೊಂಡು ಮನೆಮನೆಗೆ ಓಡಿದಳು. ಕೆಲವರು ಬೈದರು, ಒಬ್ಬಳು ಅತ್ತಳು. ಸದ್ಯ, ವೀತೊ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ರಾತ್ರಿಯ ಸಾರಿಗೆಂದು ರೊಟ್ಟಿಯನ್ನು ಮುಟ್ಟದೆ ಎತ್ತಿಟ್ಟಿದ್ದರು.

ಅಧಿಕಾರಿ ಬಂದಾಗ ರೊಟ್ಟಿಗಳೆಲ್ಲ ಬೋರಲು ಹಾಕಿದ ದೋಣಿಯ ಮೇಲೆ ಸಾಲಾಗಿದ್ದವು. ದೊನ್ ಜೆರ್ವಾಸಿಯೊ ಒಂದೊಂದನ್ನೂ ತಿರುವಿ ನೋಡುತ್ತ ಬಂದ. ಕೊನೆಯದರ ಅಂಚು ಮುರಿದಿತ್ತು. ಅದನ್ನು ಎತ್ತಿ ಹಿಡಿದು ನಕ್ಕ.

"ಇಷ್ಟು ತಿಂದೋರು ಯಾರಮ್ಮ?"

"ಯಾರೂ ತಿಂದಿಲ್ಲ ಒಡೆಯ. ರುಚಿ ನೋಡಿ ಬಿಟ್ಟಿದಾರೆ."

ಅವಳು ತಲೆವಸ್ತ್ರದ ಗಂಟು ಬಿಚ್ಚಿದಳು. ತುತ್ತು ಒಣಗಿ ಗಟ್ಟಿಯಾಗಿತ್ತು. ಪಾರುಪತ್ಯಗಾರನ ಕೈಯಲ್ಲಿದ್ದ ರೊಟ್ಟಿಯ ಮುರಿದ ಕಡೆ ಅದನ್ನಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಅಧಿಕಾರಿ ಕನ್ನಡಕ ಏರಿಸಿಕೊಂಡು ಬಗ್ಗಿದ. ತುತ್ತಿನ ಮೇಲೆ ಹಲ್ಲಿಲ್ಲದ ವಸಡಿನ ಗುರುತು ಹಾಗೇ ಇತ್ತು.

ಕೋಟೆಯ ರೊಟ್ಟಿಯನ್ನು ಯಾರೂ ತಿಂದಿಲ್ಲವೆಂದು ಅಧಿಕಾರಿ ಬರೆದುಕೊಂಡ. ವೀತೊ ಒಣಗಿದ ತುಟಿಯನ್ನು ನಾಲಿಗೆಯಿಂದ ಒಮ್ಮೆ ಸವರಿಕೊಂಡು, ಬಲೆಯ ಹಗ್ಗ ಹಿಡಿಯಲು ನೀರಿಗಿಳಿದ.