ಡಾಕ್ಟರ ಮೀನಿನ ಹೊಟ್ಟೆ

ನಮ್ಮ ಡಾಕ್ಟರಿಗೆ ಒಬ್ಬ ಮನುಷ್ಯನ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯಲು ಎರಡು ನಿಮಿಷ ಸಾಕು. ಹತ್ತೊಂಬತ್ತು ವರ್ಷದಿಂದ ಅವರ ಕ್ಲಿನಿಕ್ಕಿನಲ್ಲಿ ನರ್ಸಾಗಿರುವವಳು ನಾನು, ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಮಂಚದ ಮೇಲೆ ಮಲಗಿಸುತ್ತಾರೆ. ಎಡಗೈ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ಬಲಗೈಯ ಎರಡು ಬೆರಳಿನಿಂದ ಟಕ್ ಟಕ್ ಎಂದು ಬಡಿಯುತ್ತಾರೆ. "ಗ್ಯಾಸು" ಎನ್ನುತ್ತಾರೆ. ಗ್ಯಾಸಲ್ಲದಿದ್ದರೆ "ಟೆನ್ಷನ್ನು". ರೋಗಿ ಬಾಯಿ ತೆರೆಯುವಷ್ಟರಲ್ಲಿ ಚೀಟಿ ಹರಿದು ಕೈಗೆ ಬಂದಿರುತ್ತದೆ. ಆಮೇಲೆ ಬಾಗಿಲಾಚೆ ನನ್ನನ್ನು ಹಿಡಿದುಕೊಂಡು "ಸಿಸ್ಟರ್, ಏನಂದ್ರು?" ಎಂದು ಕೇಳುವವರಿಗೆಲ್ಲ ಸಮಾಧಾನ ಹೇಳುವ ಕೆಲಸ ನನ್ನದು. ಇಂಥವರ ಕೋಣೆಯ ಗೋಡೆ ತುಂಬ ಸರ್ಟಿಫಿಕೇಟು.

ಆ ಮನುಷ್ಯ ನೆಟ್ಟಗೆ ಮುಖ ನೋಡುವುದು ಮೀನುಗಳದ್ದು ಮಾತ್ರ. ರೋಗಿಗಳು ಕಾಯುವ ಹಾಲಿನಲ್ಲಿ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿ ಇದೆ. ಅದರಲ್ಲಿ ಎರಡು ಕ್ಲೌನ್ ಮೀನು. ಕಿತ್ತಳೆ ಮೈ, ಅಡ್ಡಕ್ಕೆ ಮೂರು ಬಿಳಿ ಪಟ್ಟಿ, ಸದಾ ಸೊಂಟ ಕುಣಿಸುತ್ತ ಈಜುವ ಜಾತಿ. ದೊಡ್ಡದಕ್ಕೆ ಡಾಕ್ಟರು 'ಚೇರ್ಮನ್' ಎಂದು ಹೆಸರಿಟ್ಟಿದ್ದರು. ದಿನಾ ಹತ್ತು ಗಂಟೆಗೆ ರೋಗಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ಕೂತಿರುವಾಗ, ತಾವು ಬಂದು ಚಿಟಿಕೆ ಆಹಾರ ಉದುರಿಸಿ, "ನೋಡಿ, ಹೇಗೆ ತಿಂತಾನೆ ನಮ್ಮ ಚೇರ್ಮನ್!" ಎಂದು ಬೀಗುತ್ತಿದ್ದರು. ನೋಡುವವರಿಗೆ ಉಗುಳು ನುಂಗುವುದಕ್ಕೂ ಆಗುತ್ತಿರಲಿಲ್ಲ.

ಆ ಚೇರ್ಮನ್ನಿಗೆ ಒಂದು ದಿನ ಹಿಂದುಗಡೆಯಿಂದ ಬಿಳಿ ದಾರದಂಥದ್ದು ನೇತಾಡತೊಡಗಿತು. ಮೊದಲು ನೋಡಿದ್ದು ನಾನು. ಹೇಳಿದೆ. ಡಾಕ್ಟರು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗಾಜಿನ ಮೇಲೆ ಎರಡು ಬೆರಳಿನಿಂದ ಟಕ್ ಟಕ್ ಬಡಿದರು. ಆಣೆ ಮಾಡಿ ಹೇಳುತ್ತೇನೆ, ಬಡಿದರು. ಮೀನು ಬೆಚ್ಚಿ ಕಲ್ಲಿನ ಹಿಂದೆ ಓಡಿತು.

"ಗ್ಯಾಸು, ಮಲಬದ್ಧತೆ" ಎಂದರು. ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಅರೆದು ಹಾಕಲು ನನಗೆ ಅಪ್ಪಣೆಯಾಯಿತು. ಡಿಗ್ರಿ ಪಡೆದು ನಾನು ಮೀನಿಗೆ ಬಟಾಣಿ ಸುಲಿದೆ. ದಾರ ನಿಲ್ಲಲಿಲ್ಲ. ನಾಲ್ಕು ದಿನ ಬಿಟ್ಟು, "ಹೊಸ ಪಂಪಿನ ಸದ್ದಿಗೆ ಟೆನ್ಷನ್ ಆಗಿರಬೇಕು" ಎಂದರು. ಮೀನಿಗೂ ಅದೇ ಎರಡು ಕಾಯಿಲೆ!

ಇದೇ ದಿನಗಳಲ್ಲಿ ನನ್ನ ತಂಗಿಯದೂ ಒಂದು ಹೊಟ್ಟೆಯ ಪುರಾಣ ನಡೆದಿತ್ತು. ಅವಳು ಪರದೆ ಹೊಲಿಯುವ ಅಂಗಡಿಯಲ್ಲಿ ಟೈಲರ್. ಚಿಕ್ಕಂದಿನಿಂದಲೂ ಅವಳಿಗೆ ತಲೆನೋವು ಬಂದರೆ ಇಡೀ ಮನೆ ಕಾಲ್ತುದಿಯಲ್ಲಿ ಓಡಾಡಬೇಕಿತ್ತು. ಸೂಜಿ ಚುಚ್ಚಿದರೆ ಕೈಯೇ ಹೋಯಿತು ಎನ್ನುವ ಜಾಯಮಾನ. ನಾಲ್ಕು ತಿಂಗಳಿಂದ, "ಅಕ್ಕ, ತಿಂದದ್ದು ಇಲ್ಲೇ ನಿಂತ್ಕೊಳ್ಳತ್ತೆ, ಕೆಳಗೆ ಇಳಿಯಲ್ಲ" ಎಂದು ಎದೆಗೂಡಿನ ಕೆಳಗೆ ಕೈಯಿಟ್ಟು ತೋರಿಸುತ್ತಿದ್ದಳು. "ನಿಮ್ಮ ಡಾಕ್ಟ್ರಿಗೆ ಒಂದ್ಸಲ ತೋರಿಸು." ತೋರಿಸಿ ಏನಾಗಬೇಕು? ಅವರು ಹೇಳುವುದು ನನಗೆ ಗೊತ್ತಿಲ್ಲವೇ? ಎರಡು ನಿಮಿಷದ ಆ ನಾಟಕವೂ ಬೇಡವೆಂದು ನಾನೇ ಡ್ರಾಯರಿನಿಂದ ಗ್ಯಾಸಿನ ಮಾತ್ರೆ ತೆಗೆದು, "ಡಾಕ್ಟ್ರು ಕೊಟ್ಟಿದ್ದಾರೆ, ಊಟಕ್ಕೆ ಮುಂಚೆ ತಗೋ" ಎಂದು ಕೊಡುತ್ತ ಬಂದೆ. ವಾರಕ್ಕೊಂದು ಮಾತ್ರೆಯ ಪಟ್ಟಿ. ಅವಳು ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ ಕಳಿಸುತ್ತಿದ್ದಳು.

ಮೀನಿಗೆ ಮಾತ್ರ ಸ್ಪೆಷಲಿಸ್ಟ್ ಬಂದ. ತೊಟ್ಟಿಗಳನ್ನು ನೋಡಿಕೊಳ್ಳುವುದೇ ಅವನ ಕಸುಬು. ಪ್ಯಾಂಟಿನ ಕಾಲು ಮಡಚಿದ, ನೀರಲ್ಲಿದ್ದು ಇದ್ದು ಬೆರಳೆಲ್ಲ ಸುಕ್ಕುಗಟ್ಟಿದ ನಡುವಯಸ್ಸಿನವನು. ಮಧ್ಯಾಹ್ನ ಕ್ಲಿನಿಕ್ ಖಾಲಿಯಿತ್ತು. ಕುರ್ಚಿ ಎಳೆದುಕೊಂಡು ತೊಟ್ಟಿಯಿಂದ ಮೂರು ಮಾರು ದೂರ ಕೂತ. ಕೂತವನು ಕೂತೇ ಇದ್ದ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು.

"ಏನಯ್ಯ, ನೋಡೋದಿಲ್ವಾ?" ಎಂದರು ಡಾಕ್ಟರು.

"ನೋಡ್ತಾನೇ ಇದೀನಿ ಸಾರ್. ಹತ್ರ ಹೋದ್ರೆ ಅದು ನಮಗೋಸ್ಕರ ಚೆನ್ನಾಗಿರೋ ಹಾಗೆ ಆಡತ್ತೆ."

ಆಮೇಲೆ ಕೇಳತೊಡಗಿದ. ಯಾವತ್ತಿಂದ? ಮಲ ಮೊದಲು ಕಂದು ಬಣ್ಣಕ್ಕೆ ಉಂಡೆಯಾಗಿ ಬೀಳುತ್ತಿತ್ತೋ, ಯಾವಾಗ ಬೆಳ್ಳಗಾಯಿತು? ಹೊಸ ಮೀನು ತಂದಿದ್ದಿರಾ? ಆಹಾರ ಎಲ್ಲಿಂದ ತರಿಸುತ್ತೀರಿ? ಡಾಕ್ಟರಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಎಲ್ಲದಕ್ಕೂ ನಾನೇ ಹೇಳಿದೆ. ನನಗೆ ಒಳಗೊಳಗೇ ಹಬ್ಬ.

"ತಿನ್ನೋದೇನೋ ಚೆನ್ನಾಗೇ ತಿಂತಾನೆ," ಎಂದರು ಡಾಕ್ಟರು, ಮಾನ ಉಳಿಸಿಕೊಳ್ಳಲು.

"ತಿಂತಾಳೆ ಅನ್ನಿ ಸಾರ್. ಈ ಜಾತೀಲಿ ದೊಡ್ಡದೇ ಹೆಣ್ಣು." ನಾನು ನಗು ತಡೆಯಲು ಕಪಾಟಿನ ಕಡೆ ತಿರುಗಿದೆ. "ಸ್ವಲ್ಪ ಆಹಾರ ಹಾಕಿ, ಅಲ್ಲಾಡದೆ ನಿಂತ್ಕೊಳ್ಳಿ," ಎಂದ ಅವನು.

ಹಾಕಿದರು. ದೊಡ್ಡ ಮೀನು ಚಿಕ್ಕದಕ್ಕಿಂತ ಮುಂಚೆ ಧಾವಿಸಿ ಬಂದು ಬಾಯಿ ತುಂಬಿಕೊಂಡಿತು. ಡಾಕ್ಟರು ಗೆದ್ದವರ ಹಾಗೆ ನಮ್ಮ ಕಡೆ ನೋಡಿ, ಒಳಗೆ ಹೊರಟರು. "ನಿಂತ್ಕೊಳ್ಳಿ ಸಾರ್" ಎಂದ ಅವನು. ಮೀನು ಮೆಲ್ಲಗೆ ಕಲ್ಲಿನ ಹಿಂದೆ ಹೋಯಿತು. ಅಲ್ಲಿ, ಯಾರಿಗೂ ಕಾಣದ ಮೂಲೆಯಲ್ಲಿ, ಬಾಯಲ್ಲಿದ್ದದ್ದನ್ನೆಲ್ಲ ಉಗುಳಿತು.

"ಮೊದಲು ಓಡಿ ಬರತ್ತಲ್ಲ, ಅದನ್ನ ನೋಡಿ ಎಲ್ಲರೂ ಮೋಸ ಹೋಗ್ತಾರೆ," ಎಂದ. "ಹಸಿವು ಇದೆ. ಒಳಗೆ ಹೋಗ್ತಿಲ್ಲ. ಮೇಲಿಂದ ನೋಡಿ, ತಲೆ ಹಿಂದೆ ಹೇಗೆ ಬತ್ತಿದೆ."

ಕೊಳವೆಯಲ್ಲಿ ಆ ಬಿಳಿ ಎಳೆಯನ್ನು ಹೀರಿಕೊಂಡು, "ಮೈಕ್ರೋಸ್ಕೋಪ್ ಇದ್ಯಾ?" ಎಂದು ಕೇಳಿದ. ಇತ್ತು. ಒಳಕೋಣೆಯಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿತ್ತು. ನಾನು ಧೂಳು ಒರೆಸಿಕೊಟ್ಟೆ. ಅವನು ನೋಡಿ, ಡಾಕ್ಟರಿಗೆ ಜಾಗ ಬಿಟ್ಟ. "ಓಡಾಡ್ತಿವೆ ನೋಡಿ. ಕರುಳಿನ ಕ್ರಿಮಿ. ಬಟಾಣಿಗೆಲ್ಲ ಬಗ್ಗಲ್ಲ." ಹೇಳಿದ ಔಷಧಿಯೋ, ನಮ್ಮ ಡಾಕ್ಟರು ಆಮಶಂಕೆಯವರಿಗೆ ದಿನಾ ಬರೆಯುವ ಮಾತ್ರೆ! ಅವರ ಡ್ರಾಯರಿನಲ್ಲೇ ಡಬ್ಬಗಟ್ಟಲೆ ಬಿದ್ದಿತ್ತು.

"ನೀರಿಗೆ ಹಾಕಬೇಡಿ, ಆಹಾರಕ್ಕೆ ಕಲಸಿ ಕೊಡಿ. ಹತ್ತು ಸಲ ಉಗುಳಿದ್ರೂ ಒಂದ್ಸಲ ನುಂಗತ್ತೆ. ತಿನ್ನೋಕೆ ಬರೋದನ್ನೇ ನಿಲ್ಲಿಸಿದ್ರೆ ಆಮೇಲೆ ನನ್ನ ಕೈಲೂ ಆಗಲ್ಲ."

ಡಾಕ್ಟರ ಮುಖ ನೋಡಿ ಇನ್ನಷ್ಟು ಖುಷಿಪಡೋಣ ಎಂದುಕೊಂಡೆ. ಆಗಲಿಲ್ಲ. ಕಣ್ಣ ಮುಂದೆ ಹೋದ ಭಾನುವಾರದ ನಮ್ಮ ಮನೆಯ ಊಟದ ಮೇಜು ಬಂತು. ಎಲ್ಲರಿಗಿಂತ ಮೊದಲು ಬಂದು ಕೂತವಳು ತಂಗಿ. "ಎಷ್ಟು ಚೆನ್ನಾಗಿದೆ ಅಕ್ಕ" ಎಂದು ಎರಡು ತುತ್ತು ಬಾಯಿಗಿಟ್ಟು, "ನೀರು ತರ್ತೀನಿ" ಎಂದು ತಟ್ಟೆಯ ಸಮೇತ ಅಡುಗೆಮನೆಗೆ ಹೋದಳು. ಸಂಜೆ ಕಸದ ಬುಟ್ಟಿಯಲ್ಲಿ ಪೇಪರಿನ ಕೆಳಗೆ ಅವಳ ಊಟವೆಲ್ಲ ಸಿಕ್ಕಿತು. ನನ್ನ ಅಡುಗೆಗೆ ಮಾಡಿದ ಅವಮಾನ ಎಂದು ಮೂರು ದಿನ ಅವಳ ಫೋನು ಎತ್ತಿರಲಿಲ್ಲ ನಾನು. ತನ್ನ ಬಟ್ಟೆಗಳ ಸೊಂಟದ ಪಟ್ಟಿಗಳನ್ನು ಅವಳು ಮತ್ತೆ ಮತ್ತೆ ಒಳಗೆ ಹಿಡಿದು ಹೊಲಿದುಕೊಂಡಿದ್ದನ್ನು ನೋಡಿ, ಈ ವಯಸ್ಸಿನಲ್ಲಿ ಇವಳಿಗೆ ಶೋಕಿ ಎಂದು ಆಡಿಕೊಂಡಿದ್ದೆ.

ಕೈ ಒರೆಸಿಕೊಂಡು ನೇರ ಅವಳ ಅಂಗಡಿಗೆ ಹೋದೆ. ಪರದೆ ಬಟ್ಟೆಯ ರಾಶಿಯ ಹಿಂದೆ ಕೂತು ಹೊಲಿಯುತ್ತಿದ್ದಳು. ನಾನು ಬಂದದ್ದು ಅವಳಿಗೆ ಕಾಣಲಿಲ್ಲ. ಬಾಗಿಲಲ್ಲೇ ನಿಂತು ನೋಡಿದೆ. ಯಾರೂ ನೋಡುತ್ತಿಲ್ಲ ಎಂದಾಗ ನನ್ನ ತಂಗಿ ಹೇಗಿರುತ್ತಾಳೆ ಎಂದು ನನಗೆ ಅಂದೇ ಗೊತ್ತಾಗಿದ್ದು. ಒಂದು ಕೈ ಬಟ್ಟೆಯ ಮೇಲೆ, ಇನ್ನೊಂದು ಎದೆಗೂಡಿನ ಕೆಳಗೆ ಒತ್ತಿಕೊಂಡಿತ್ತು. ನನ್ನನ್ನು ಕಂಡ ಕೂಡಲೇ ಎರಡೂ ಕೈ ಮಿಷನ್ನಿಗೆ ಬಂದವು, ಮುಖ ಅರಳಿತು.

"ಏನಕ್ಕ, ಕೋಪ ಹೋಯ್ತಾ?"

"ಎದ್ದೇಳು" ಎಂದೆ.

ಸಂಜೆಯ ಮೊದಲ ರೋಗಿಯಾಗಿ ಅವಳನ್ನು ಮಂಚದ ಮೇಲೆ ಮಲಗಿಸಿದೆ. "ಇವಳನ್ನ ಎರಡು ನಿಮಿಷಕ್ಕೆ ಎಬ್ಬಿಸಬೇಡಿ ಸಾರ್," ಎಂದೆ. ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಸಿಡುಕುತ್ತಾರೆ ಎಂದುಕೊಂಡಿದ್ದೆ. ಅವರಿಗೂ ಮಧ್ಯಾಹ್ನದ ಏಟು ಬಿದ್ದಿತ್ತೋ ಏನೋ, ಸುಮ್ಮನೆ ಕುರ್ಚಿ ಎಳೆದುಕೊಂಡು ಕೂತರು. ಟಕ್ ಟಕ್ ಇಲ್ಲ. ಅಂಗೈಯಿಟ್ಟು ನಿಧಾನವಾಗಿ ಒತ್ತುತ್ತ ಹೋದರು. ಎದೆಗೂಡಿನ ಕೆಳಗೆ ಒಂದು ಕಡೆ ಕೈ ನಿಂತಿತು. ಮತ್ತೆ ಅಲ್ಲೇ ಒತ್ತಿದರು. ನನ್ನ ಕಡೆ ನೋಡಲಿಲ್ಲ. ದೊಡ್ಡಾಸ್ಪತ್ರೆಗೆ ಪತ್ರ ಬರೆಯಲು ಶುರುಮಾಡಿದರು. ನಾಳೆಯೇ ಹೋಗಬೇಕು ಎಂದರು.

"ಯಾವತ್ತಿಂದಮ್ಮ ಇದು?"

"ನಾಲ್ಕು ತಿಂಗಳಾಯ್ತು ಡಾಕ್ಟ್ರೇ."

"ಇಷ್ಟು ದಿನ ಏನು ತಗೋತಿದ್ರಿ?"

"ನೀವು ಕೊಟ್ಟಿದ್ದೇ. ಅಕ್ಕನ ಕೈಲಿ ಕಳಿಸ್ತಿದ್ರಲ್ಲ, ಊಟಕ್ಕೆ ಮುಂಚೆ ಅಂತ."

ಪೆನ್ನು ನಿಂತಿತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಎರಡು ನಿಮಿಷದ ಮನುಷ್ಯನಿಗೆ ಎಲ್ಲ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಅವರು ಬಡಿಯುವ ಹಾಗೆ ಎರಡು ಬೆರಳನ್ನಾದರೂ ನಾನು ಅವಳ ಹೊಟ್ಟೆಯ ಮೇಲೆ ಇಟ್ಟಿರಲಿಲ್ಲ.

"ಹೌದಮ್ಮ, ನಾನೇ ಕೊಟ್ಟಿದ್ದು," ಎಂದರು ಡಾಕ್ಟರು. "ಕರೆಸಿ ನೋಡಬೇಕಿತ್ತು. ನನ್ನದೇ ತಪ್ಪಾಯ್ತು."

"ಅಯ್ಯೋ ಬಿಡಿ ಡಾಕ್ಟ್ರೇ," ಎಂದಳು ತಂಗಿ, ಹುಕ್ಕು ಹಾಕಿಕೊಳ್ಳುತ್ತ. "ನಿಮಗೂ ದಿನಕ್ಕೆ ನೂರು ಜನ. ಎಲ್ಲರನ್ನೂ ಎಲ್ಲಿ ನೋಡೋಕಾಗತ್ತೆ?"

ಹಾಗೆ ಅವಳು ಅವರನ್ನು ಕ್ಷಮಿಸಿಬಿಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.